ಟಿವಿ ಡಬ್ಬದ ಮೇಲಿನ ಸ್ಟಿಕ್ಕರ್‌ಗಳಿಗೆ ಎಷ್ಟು ಕೊಡಬೇಕು?

ಬಾಗಿಲಿರುವ ಟಿವಿ ನೋಡಿದವರು ಈಗ ಕಡಿಮೆ. ಕಪ್ಪು-ಬಿಳುಪು ಕಾಲದಲ್ಲಿ ಮರದ ಪೆಟ್ಟಿಗೆಯ ಟಿವಿಗಳಿದ್ದವು. ಮುಂದೆ ಎರಡೂ ಕಡೆಯಿಂದ ಸರಿದು ಮುಚ್ಚಿಕೊಳ್ಳುವ ಶಟರ್. ಕೆಲವಕ್ಕೆ ಬೀಗ ಕೂಡ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಮರುವರ್ಷ ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು. ಆದರೂ ನಮ್ಮ ಕಡೆ ಬಹಳ ವರ್ಷ ಶಟರ್ ಟಿವಿಯದೇ ದರ್ಬಾರು. ಪರೀಕ್ಷೆ ಹತ್ತಿರ ಬಂತು ಅಂದರೆ ಶಟರ್ ಎಳೆದು, ಬೀಗ ಜಡಿದು, ಬೀಗದಕೈಯನ್ನು ಅಪ್ಪಂದಿರು ಜೇಬಿಗೆ ಇಳಿಸುತ್ತಿದ್ದರು. ಆ ಬೀಗಕ್ಕೆ ಕೊಟ್ಟ ಜಾಸ್ತಿ ದುಡ್ಡು ದಂಡವಾಯ್ತು ಅಂತ ಯಾವ ಅಪ್ಪನೂ ಹೇಳಿರಲಾರ.

ಆಮೇಲೆ ಬಂದ ಎಲ್ಲ ಫೀಚರ್‌ಗಳಿಗೂ ಈ ಮಾತು ಹೇಳುವುದು ಕಷ್ಟ. 3ಡಿ ಟಿವಿಯನ್ನೇ ನೋಡಿ. 2010ರ ಸುಮಾರಿಗೆ ಅದಿಲ್ಲದ ಟಿವಿ ಕೊಂಡರೆ ಹಿಂದುಳಿದವರು ಅನ್ನುವಂತಿತ್ತು. ಕನ್ನಡಕ ಹಾಕಿಕೊಂಡು ಮನೆಮಂದಿಯೆಲ್ಲ ಸಾಲಾಗಿ ಕೂರುವ ಜಾಹೀರಾತು ನೆನಪಿದೆಯಲ್ವಾ? 2017ರ ಹೊತ್ತಿಗೆ ಎಲ್‌ಜಿ, ಸೋನಿ ಎರಡೂ 3ಡಿ ಕೈಬಿಟ್ಟವು. ಸ್ಯಾಮ್‌ಸಂಗ್ ಇನ್ನೂ ಮೊದಲೇ ಬಿಟ್ಟಿತ್ತು. ನಡುವೆ ಬಾಗಿದ ಪರದೆಯ ಟಿವಿ ಬಂದು ಹೋಯಿತು. ಕೈ ಬೀಸಿದರೆ ಚಾನೆಲ್ ಬದಲಾಗುವ ಟಿವಿಯೂ ಬಂತು. ಅದೂ ಹೋಯಿತು. ಪ್ರತಿಯೊಂದಕ್ಕೂ ಯಾರೋ ಹತ್ತು-ಹದಿನೈದು ಸಾವಿರ ಹೆಚ್ಚಿಗೆ ಕೊಟ್ಟಿದ್ದರು.

ನಮ್ಮ ನೆಂಟರಲ್ಲಿ ಯಾರು ಟಿವಿ ಕೊಳ್ಳಲು ಹೋದರೂ ಅಂಗಡಿಯಿಂದಲೇ ನನಗೆ ಫೋನ್ ಬರುತ್ತದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನೇನಲ್ಲ. ಈ ವಿಷಯ ಓದುವ ಚಟ ಇದೆ, ಅಷ್ಟೇ. ಇತ್ತೀಚೆಗೆ ತೀರ್ಥಹಳ್ಳಿ ಕಡೆಯ ಚಿಕ್ಕಮ್ಮ ಶಿವಮೊಗ್ಗದ ಷೋರೂಮಿನಿಂದ ಮಾಡಿದ್ದರು.

“ಕ್ಯೂಲೆಡ್ ಅಂತೆ ಕಣೋ. ಅದಕ್ಕೆ ಹದಿಮೂರು ಸಾವಿರ ಜಾಸ್ತಿ ಹೇಳ್ತಾರೆ. ಡಾಲ್ಬಿನೂ ಇದೆಯಂತೆ. ತಗೊಳ್ಳೋದಾ ಬೇಡವಾ, ಬೇಗ ಹೇಳು ಮಾರಾಯ.”

“ಚಿಕ್ಕಮ್ಮ, ನೀನು ಟಿವಿ ಎಲ್ಲಿ ಕೂತು ನೋಡೋದು?”

“ಕೂರೋಕೆ ಪುರುಸೊತ್ತು ಎಲ್ಲಿದೆ? ಅಡುಗೆಮನೆ ಬಾಗಿಲಲ್ಲಿ.”

ನನಗೆ ಬೇಕಾಗಿದ್ದ ಉತ್ತರ ಅದೇ. ಆದರೆ ಅದನ್ನು ಹೇಳುವ ಮುಂಚೆ, ನಾನು ಟಿವಿ ಬೆಲೆಯನ್ನು ಹೇಗೆ ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ಟಿವಿ ಮನೆಗೆ ಬಂದ ಮೇಲೆ ಅದಕ್ಕೆ ಏನೇನು ಸೇರಿಸಬಹುದು? ಸೌಂಡ್ ಸೇರಿಸಬಹುದು. ಆ್ಯಪ್‌ಗಳನ್ನು ಸೇರಿಸಬಹುದು. ಒಳ್ಳೆಯ ಸೆಟ್ ಟಾಪ್ ಬಾಕ್ಸ್ ಸೇರಿಸಬಹುದು. ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆ, ಅದನ್ನು ಮಾತ್ರ ಬದಲಾಯಿಸಲು ಆಗುವುದಿಲ್ಲ. ಅದರ ಅಳತೆ, ಅದರ ಬೆಳಕು, ಅದರ ಕಪ್ಪು, ಪಕ್ಕದಿಂದ ನೋಡಿದರೆ ಅದು ಕಾಣುವ ರೀತಿ, ಇವೆಲ್ಲ ಕೊಂಡ ದಿನ ಏನಿತ್ತೋ ಅದೇ. ಹಾಗಾಗಿ ಜಾಸ್ತಿ ದುಡ್ಡು ಕೊಡುವುದಾದರೆ ಪ್ಯಾನೆಲ್‌ಗೆ ಕೊಡಿ ಅನ್ನುತ್ತೇನೆ. ಉಳಿದದ್ದಕ್ಕೆ ಆಮೇಲೆ, ಬೇಕು ಅನಿಸಿದಾಗ.

ಅಡುಗೆಮನೆ ಬಾಗಿಲಿಗೆ ಬರೋಣ. ಎಲ್‌ಇಡಿ ಅಂತ ಮಾರುವ ಟಿವಿಗಳೆಲ್ಲ ನಿಜವಾಗಿ ಎಲ್‌ಸಿಡಿಗಳೇ, ಅಂದರೆ ಪರದೆ ತಾನಾಗಿ ಬೆಳಗುವುದಿಲ್ಲ, ಹಿಂದಿನಿಂದ ಎಲ್‌ಇಡಿ ದೀಪ ಬೆಳಕು ಕೊಡುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ವಿಎ, ಇನ್ನೊಂದು ಐಪಿಎಸ್. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿರುತ್ತದೆ. ಅದರ ಕಾಂಟ್ರಾಸ್ಟ್, ಅಂದರೆ ಬಿಳುಪಿಗೂ ಕಪ್ಪಿಗೂ ಇರುವ ಅಂತರ, ಸಾಮಾನ್ಯವಾಗಿ 3000ಕ್ಕೆ 1 ಅಥವಾ ಅದಕ್ಕೂ ಮೇಲೆ. ಐಪಿಎಸ್‌ನಲ್ಲಿ ಅದು 1000ದ ಆಸುಪಾಸು, ಕತ್ತಲೆಯ ದೃಶ್ಯ ಬೂದಿ ಬಳಿದ ಹಾಗೆ ಕಾಣುತ್ತದೆ. ಆದರೆ ವಿಎ ಟಿವಿಯನ್ನು ಪಕ್ಕಕ್ಕೆ ಸರಿದು ನೋಡಿದರೆ ಬಣ್ಣ ಮಾಸುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ. ಐಪಿಎಸ್ ಎಲ್ಲಿಂದ ನೋಡಿದರೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ.

ಇಂಟರ್ನೆಟ್‌ನಲ್ಲಿ ಟಿವಿ ವಿಮರ್ಶೆ ಮಾಡುವವರೆಲ್ಲ ಟಿವಿಯ ಎದುರಿಗೇ ಸೋಫಾ ಹಾಕಿಕೊಂಡು, ಕತ್ತಲೆ ಮಾಡಿಕೊಂಡು, ಒಬ್ಬರೇ ಕೂತು ನೋಡುವವರು. ಅವರಿಗೆ ವಿಎ ಸರಿ. ನಮ್ಮ ಮನೆಗಳಲ್ಲಿ ಹಾಗೆಲ್ಲಿ ನೋಡುತ್ತಾರೆ? ಚಿಕ್ಕಪ್ಪ ಕಿಟಕಿ ಪಕ್ಕದ ದಿವಾನದ ಮೇಲೆ ಅಡ್ಡಾಗಿರುತ್ತಾರೆ. ಮಕ್ಕಳು ಕೆಳಗೆ ನೆಲದ ಮೇಲೆ. ಚಿಕ್ಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತ, ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಕಡೆ, ಇನ್ನೊಂದು ಸೀರಿಯಲ್ ಕಡೆ. ಮನೆಯಲ್ಲಿ ಟಿವಿಯನ್ನು ಜಾಸ್ತಿ ನೋಡುವವರೇ ಅದನ್ನು ಅತಿ ಓರೆಯಾಗಿ ನೋಡುತ್ತಾರೆ. ಡಬ್ಬದ ಮೇಲೆ ಇದಕ್ಕೊಂದು ಸ್ಟಿಕ್ಕರ್ ಇರುವುದಿಲ್ಲ. ನೋಡುವ ಕೋನ 178 ಡಿಗ್ರಿ ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ, ಅದನ್ನು ನಂಬಬೇಡಿ. ಅಂಗಡಿಯಲ್ಲಿ ಟಿವಿಯ ಮುಂದಿನಿಂದ ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿ. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿ. ಸೇಲ್ಸ್ ಹುಡುಗ ನಗಬಹುದು, ನಗಲಿ.

“ಎರಡೂ ಟಿವಿ ಪಕ್ಕದಿಂದ ನೋಡು, ಯಾವುದರಲ್ಲಿ ಮುಖ ಮಾಸಲ್ಲ ಹೇಳು” ಅಂದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: “ಕಮ್ಮಿ ರೇಟಿಂದೇ ಚೆನ್ನಾಗಿ ಕಾಣ್ತದಲ್ಲೋ!”

ಹಾಗಾದರೆ ಚಿಕ್ಕಮ್ಮ ‘ಕ್ಯೂಲೆಡ್’ ಅಂದ ಆ ಕ್ಯೂಎಲ್‌ಇಡಿ ಅಂದರೆ ಏನು? ಮೋಸವೇನಲ್ಲ. ಎಲ್‌ಸಿಡಿ ಪ್ಯಾನೆಲ್‌ನ ಹಿಂದೆ ಕ್ವಾಂಟಮ್ ಡಾಟ್ ಅನ್ನುವ ಅತಿ ಸೂಕ್ಷ್ಮ ಹರಳುಗಳ ಪದರವೊಂದನ್ನು ಇಟ್ಟಿರುತ್ತಾರೆ. ನೀಲಿ ದೀಪದ ಬೆಳಕು ಅದರ ಮೇಲೆ ಬಿದ್ದಾಗ ಅಪ್ಪಟ ಕೆಂಪು, ಅಪ್ಪಟ ಹಸಿರು ಹೊರಬರುತ್ತದೆ. ಹರಳು ಎಷ್ಟು ದೊಡ್ಡದು ಅನ್ನುವುದರ ಮೇಲೆ ಯಾವ ಬಣ್ಣ ಅನ್ನುವುದು ನಿಂತಿದೆ. ಇದನ್ನು ಕಂಡುಹಿಡಿದು ಬೆಳೆಸಿದ ಬವೆಂಡಿ, ಬ್ರೂಸ್, ಎಕಿಮೊವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ವಿದ್ಯೆ ದೊಡ್ಡದೇ. ಆದರೆ ಹಿಂದಿನ ದೀಪ ಮಂಕಾಗಿದ್ದರೆ ಆ ಬಣ್ಣಗಳೂ ಮಂಕೇ. ನಲವತ್ಮೂರು ಇಂಚಿನ ಕಡಿಮೆ ಬೆಲೆಯ ಕ್ಯೂಎಲ್‌ಇಡಿಗಳಲ್ಲಿ ಆಗುವುದು ಹೆಚ್ಚಾಗಿ ಇದೇ.

ಮಂಕು ಅಂದೆನಲ್ಲ, ನನ್ನ ಮಟ್ಟಿಗೆ ದುಡ್ಡು ಜಾಸ್ತಿ ಕೊಡಬೇಕಾದ ಮೊದಲ ಜಾಗ ಇದು. ಟಿವಿಯ ಬೆಳಕನ್ನು ನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಕಡಿಮೆ ಬೆಲೆಯ 4ಕೆ ಟಿವಿಗಳು 250ರಿಂದ 350 ನಿಟ್ ಕೊಡುತ್ತವೆ. ರಾತ್ರಿ ಹೊತ್ತಿಗೆ ಅದು ಸಾಕು. ಚಿಕ್ಕಮ್ಮನ ಮನೆಯ ಹಾಲ್‌ನಲ್ಲಿ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದೆ. ಮಧ್ಯಾಹ್ನ ಮೂರಾದರೆ ಬಿಸಿಲು ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದು ಇಡೀ ಕೋಣೆ ಕೆಂಪಾಗುತ್ತದೆ. ಅವರ ಹಳೇ ಟಿವಿಯಲ್ಲಿ ಆಗ ರಾತ್ರಿಯ ದೃಶ್ಯ ಬಂದರೆ ಕಥೆ ಕಾಣುವುದಿಲ್ಲ. ಕಿಟಕಿಯ ಸರಳುಗಳು, ಅಂಗಳದ ತಂತಿಯ ಮೇಲಿನ ಬಟ್ಟೆ, ಮೊರ ಹಿಡಿದ ಚಿಕ್ಕಮ್ಮ, ಎಲ್ಲರೂ ಪರದೆಯ ಒಳಗೆ. ಷೋರೂಮಿನಲ್ಲಿ ಕಿಟಕಿಯೇ ಇರುವುದಿಲ್ಲ. ಸಾಲದ್ದಕ್ಕೆ ಎಲ್ಲ ಟಿವಿಗಳನ್ನೂ ಸ್ಟೋರ್ ಮೋಡ್‌ನಲ್ಲಿ ಬೆಳಕು ಪೂರ್ತಿ ಏರಿಸಿ, ಹವಳದ ದಿಬ್ಬ, ಗಿಳಿ, ಬಣ್ಣದ ಹೋಳಿ ಹಾಕಿರುತ್ತಾರೆ. ಗಿಳಿ ಯಾವ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ ಬಿಡಿ. ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಮದುವೆ ವಿಡಿಯೊ, ಅದರಲ್ಲೂ ರಾತ್ರಿಯ ಆರತಕ್ಷತೆಯದ್ದು ಹಾಕಿಕೊಂಡು ಹೋಗಿ. ಕಪ್ಪು ಸೂಟಿನ ಮಡಿಕೆಗಳು ಕಂಡರೆ ಪ್ಯಾನೆಲ್ ಪರವಾಗಿಲ್ಲ.

ಎಚ್‌ಡಿಆರ್ ಅನ್ನುವ ಸ್ಟಿಕ್ಕರ್‌ಗೂ ಇದಕ್ಕೂ ನೇರ ಸಂಬಂಧ. ಎಚ್‌ಡಿಆರ್ ಅಂದರೆ ಹೊಳೆಯುವುದು ಕಣ್ಣು ಕೋರೈಸುವಂತೆ ಹೊಳೆಯಬೇಕು, ಅದೇ ಚಿತ್ರದ ಮೂಲೆಯ ಕತ್ತಲು ಕತ್ತಲಾಗೇ ಉಳಿಯಬೇಕು. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ ಅಥವಾ ಅದಕ್ಕೂ ಮೇಲಿನ ಬೆಳಕು ಲೆಕ್ಕಕ್ಕಿಟ್ಟುಕೊಂಡು ತಯಾರಿಸುತ್ತಾರೆ. 300 ನಿಟ್‌ನ ಟಿವಿ ಆ ಸಿಗ್ನಲ್ ತಗೊಳ್ಳುತ್ತದೆ, ಅಷ್ಟಕ್ಕೇ ಸ್ಟಿಕ್ಕರ್ ಅಂಟಿಸುತ್ತಾರೆ. ತೋರಿಸುವ ತಾಕತ್ತು ಅದಕ್ಕಿರುವುದಿಲ್ಲ. “ಎಚ್‌ಡಿಆರ್‌ನಲ್ಲಿ ಹಾಕಿದ್ರೆ ಎಲ್ಲಾ ಕತ್ತಲು ಕತ್ತಲು” ಅಂತ ಜನ ಗೊಣಗುವುದು ಇದಕ್ಕೇ. ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಎರಡೂ ದೃಶ್ಯದಿಂದ ದೃಶ್ಯಕ್ಕೆ ಬೆಳಕನ್ನು ಸರಿಹೊಂದಿಸಲು ಟಿವಿಗೆ ಮಾಹಿತಿ ಕೊಡುತ್ತವೆ, ಒಳ್ಳೆಯದೇ. ಆದರೆ 600 ನಿಟ್ ಆದರೂ ಇಲ್ಲದ ಟಿವಿಯಲ್ಲಿ ಯಾವ ಹೆಸರಿನ ಎಚ್‌ಡಿಆರ್ ಇದ್ದರೇನು, ನಾನಂತೂ ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ.

ಬಜೆಟ್ ಇದ್ದವರು ಕೇಳಬೇಕಾದ್ದು ಲೋಕಲ್ ಡಿಮ್ಮಿಂಗ್. ಪರದೆಯ ಹಿಂದಿನ ದೀಪಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಎಲ್ಲಿ ಕತ್ತಲಿದೆಯೋ ಅಲ್ಲಿನ ದೀಪವನ್ನಷ್ಟೇ ತಗ್ಗಿಸುವ ಏರ್ಪಾಡು ಇದು. ಆ ಗುಂಪುಗಳು ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು. ಮಿನಿ ಎಲ್‌ಇಡಿ ಟಿವಿಗಳಲ್ಲಿ ಸಣ್ಣ ಸಣ್ಣ ದೀಪಗಳು ಜಾಸ್ತಿ ಇರುವುದರಿಂದ ಗುಂಪುಗಳನ್ನೂ ಜಾಸ್ತಿ ಮಾಡಬಹುದು. ಡೈರೆಕ್ಟ್ ಎಲ್‌ಇಡಿ ಅಂತ ಬರೆದಿದ್ದರೆ ಲೋಕಲ್ ಡಿಮ್ಮಿಂಗ್ ಇದೆ ಅಂತ ಅರ್ಥವಲ್ಲ. ದೀಪ ಹಿಂದೆ ಇದೆ ಅಂತ ಮಾತ್ರ. ಸೇಲ್ಸ್ ಹುಡುಗರು ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತಾರೆ, ಹುಷಾರು.

ಓಎಲ್‌ಇಡಿ ಬಗ್ಗೆ ಏನು ಹೇಳಲಿ! ಅದರಲ್ಲಿ ಹಿಂದಿನ ದೀಪವೇ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ರಾತ್ರಿ ದೀಪ ಆರಿಸಿ ಅದರಲ್ಲಿ ಸಿನಿಮಾ ನೋಡಿದವರಿಗೆ ಬೇರೆ ಟಿವಿ ರುಚಿಸುವುದಿಲ್ಲ. ಪಕ್ಕದಿಂದ ನೋಡಿದರೂ ಚೆನ್ನ. ಆದರೂ ನಮ್ಮ ನೆಂಟರಲ್ಲಿ ಯಾರಿಗೂ ನಾನದನ್ನು ಹೇಳಿಲ್ಲ. ಬೆಲೆ ಒಂದು ಕಾರಣ. ಇನ್ನೊಂದು, ನಮ್ಮ ನ್ಯೂಸ್ ಚಾನೆಲ್‌ಗಳು. ಮೂಲೆಯಲ್ಲಿ ಲೋಗೊ, ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಇನ್ನೊಂದು ಹಳದಿ ಪಟ್ಟಿ, ಪಕ್ಕದಲ್ಲಿ ಬ್ರೇಕಿಂಗ್ ಅನ್ನುವ ಡಬ್ಬ. ಬೆಳಗಿನ ಕಾಫಿಯಿಂದ ರಾತ್ರಿ ಮಜ್ಜಿಗೆಯವರೆಗೆ ಅದೇ ಚಾನೆಲ್ ಓಡುವ ಮನೆಗಳಲ್ಲಿ ಒಂದೇ ಜಾಗದ ಚುಕ್ಕಿಗಳು ಬೇಗ ಸವೆದು, ಆ ಪಟ್ಟಿಯ ಗುರುತು ಪರದೆಯ ಮೇಲೆ ಉಳಿದುಬಿಡುವ ಅಪಾಯ ಇದೆ. ಹೊಸ ಮಾದರಿಗಳಲ್ಲಿ ಇದನ್ನು ತಡೆಯುವ ಉಪಾಯಗಳಿವೆ, ಅಪಾಯ ಮೊದಲಿಗಿಂತ ಕಡಿಮೆ. ಆದರೂ ಚಿಕ್ಕಪ್ಪನಂಥ ರಾಜಕೀಯದ ಹುಚ್ಚರ ಮನೆಗೆ ಬೇಡ.

ಇನ್ನು ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಇದರಲ್ಲಿ ಈಗ ಆರಿಸಿಕೊಳ್ಳುವುದೇನೂ ಉಳಿದಿಲ್ಲ. 43 ಇಂಚು ದಾಟಿದರೆ ಬಹುತೇಕ ಎಲ್ಲವೂ 4ಕೆ. ಆದರೆ ಕಣ್ಣಿನ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ, ಅದರಲ್ಲಿ ಒಂದು ಭಾಗಕ್ಕಿಂತ ಚಿಕ್ಕದನ್ನು ಸಾಮಾನ್ಯ ಕಣ್ಣು ಬಿಡಿಸಿ ನೋಡಲಾರದು. ಈ ಲೆಕ್ಕದಲ್ಲಿ 43 ಇಂಚಿನ ಫುಲ್ ಎಚ್‌ಡಿ ಟಿವಿಯಿಂದ ಐದೂವರೆ ಅಡಿ ದೂರ ಸರಿದರೆ ಚುಕ್ಕಿಗಳು ಕಾಣುವುದು ನಿಲ್ಲುತ್ತದೆ. 55 ಇಂಚಿಗೆ ಏಳು ಅಡಿ ಚಿಲ್ಲರೆ. ಮೂವತ್ತು-ನಲವತ್ತು ಸೈಟಿನ ಮನೆಯ ಹಾಲ್‌ನಲ್ಲೂ ಸೋಫಾ ಗೋಡೆಗೆ ಒತ್ತಿಕೊಂಡು ಒಂಬತ್ತು-ಹತ್ತು ಅಡಿ ದೂರದಲ್ಲಿರುತ್ತದೆ. ಅಲ್ಲಿಂದ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹುಡುಕುವುದೇ ಕಷ್ಟ. 8ಕೆ ಅಂದರೆ 3.3 ಕೋಟಿ ಚುಕ್ಕಿ. ಅದನ್ನು ನೋಡಲು ಟಿವಿಗೆ ಮೂಗು ತಾಗಿಸಿ ಕೂರಬೇಕು. ಅದರ ಮಾತೇ ಬೇಡ.

ಅದಕ್ಕಿಂತ ಮುಖ್ಯ, ಒಳಗೆ ಏನು ಬರುತ್ತಿದೆ ಅನ್ನುವುದು. ಹಳ್ಳಿ, ಸಣ್ಣ ಊರುಗಳಲ್ಲಿ ಈಗಲೂ ಎಷ್ಟೋ ಮನೆಗಳಿಗೆ ಡಿಟಿಎಚ್‌ನಲ್ಲೋ ಕೇಬಲ್‌ನಲ್ಲೋ ಬರುವುದು ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಹಳೇ ಥರದ ಚಾನೆಲ್. ಅದರಲ್ಲಿ ಹೆಚ್ಚೆಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಒಟ್ಟು ನಾಲ್ಕು ಲಕ್ಷ ಚಿಲ್ಲರೆ. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳನ್ನು ತುಂಬಬೇಕು. ಒಂದು ಲೋಟ ಮಜ್ಜಿಗೆಗೆ ನೀರು ಬೆರೆಸಿ ಇಪ್ಪತ್ತು ಜನಕ್ಕೆ ಬಡಿಸಿದಂತೆ. ಒಳ್ಳೆ ಪ್ರೊಸೆಸರ್ ಇರುವ ಟಿವಿ ಇದನ್ನು ಸ್ವಲ್ಪ ನಾಜೂಕಾಗಿ ಮಾಡುತ್ತದೆ, ಆದರೂ ನೀರು ನೀರೇ. “ಹೊಸ ಟಿವಿ ತಂದ ಮೇಲೆ ಸೀರಿಯಲ್ ಮೊದಲಿಗಿಂತ ಕೆಟ್ಟದಾಗಿ ಕಾಣ್ತದೆ” ಅಂತ ಎಷ್ಟು ಜನ ಹೇಳಿಲ್ಲ! ಟಿವಿ ಕೆಟ್ಟಿಲ್ಲ, ಪರದೆ ದೊಡ್ಡದಾಗಿದೆ. ಕನ್ನಡದ ದೊಡ್ಡ ಮನರಂಜನೆ ಚಾನೆಲ್‌ಗಳಿಗೆ ಎಚ್‌ಡಿ ಇದೆ. ಒಂದೊಂದಕ್ಕೆ ತಿಂಗಳಿಗೆ ಇಪ್ಪತ್ತು ರೂಪಾಯಿಯ ಆಸುಪಾಸು, ಜೊತೆಗೆ ಎಚ್‌ಡಿ ಬಾಕ್ಸ್ ಇರಬೇಕು. ಚಿಕ್ಕಮ್ಮನ ಹದಿಮೂರು ಸಾವಿರದಲ್ಲಿ ಅವರು ನೋಡುವ ಎರಡು ಚಾನೆಲ್‌ಗಳನ್ನು ಇಪ್ಪತ್ತೈದು ವರ್ಷ ಎಚ್‌ಡಿಯಲ್ಲಿ ನೋಡಬಹುದು. ಷೋರೂಮಿನವರು ಇದನ್ನು ಹೇಳುವುದಿಲ್ಲ, ಅದು ಅವರ ವ್ಯಾಪಾರ ಅಲ್ಲ.

ಓಟಿಟಿಯಲ್ಲೂ ಇದೇ ಕಥೆ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ನಮ್ಮ ದೇಶದಲ್ಲಿ ಬೆಲೆ ಇಳಿಸಿದಾಗ ಫುಲ್ ಎಚ್‌ಡಿಯ ಪ್ಲಾನ್ 499 ರೂಪಾಯಿ, 4ಕೆ ಇರುವುದು 649 ಆಯಿತು. 4ಕೆ ಟಿವಿ ಕೊಂಡು 199ರ ಪ್ಲಾನ್‌ನಲ್ಲಿ ನೋಡುವವರಿದ್ದಾರೆ, ಅದರಲ್ಲಿ ಬರುವುದು ಉದ್ದಕ್ಕೆ ಬರೀ 720 ಚುಕ್ಕಿ. ನೆಟ್‌ಫ್ಲಿಕ್ಸ್‌ನವರು 4ಕೆಗೆ ಕೇಳುವುದು 15 ಎಂಬಿಪಿಎಸ್ ಸ್ಪೀಡ್, ಗಂಟೆಗೆ 7 ಜಿಬಿವರೆಗೆ ಡೇಟಾ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಟಿವಿ ಓಡಿಸುವ ಮನೆಗಳಲ್ಲಿ ಒಂದು ಸಿನಿಮಾ ಮುಗಿಯುವ ಮೊದಲೇ ದಿನದ ಡೇಟಾ ಮುಗಿದಿರುತ್ತದೆ.

120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆಯ ಬಗ್ಗೆ ನಮ್ಮ ಹುಡುಗರು ಕೇಳುತ್ತಾರೆ. ಪಿಎಸ್5 ಥರದ ಗೇಮಿಂಗ್ ಬಾಕ್ಸ್ ಮನೆಯಲ್ಲಿದ್ದರೆ, ಅಥವಾ ಖಂಡಿತ ತರುವುದಿದ್ದರೆ, ಕೊಡಿ. ಜೊತೆಗೆ ಬಾಕ್ಸ್‌ನ ಕೇಬಲ್ ಚುಚ್ಚಲು ಎಚ್‌ಡಿಎಂಐ 2.1 ಪೋರ್ಟ್ ಇದೆಯಾ ನೋಡಿಕೊಳ್ಳಿ, ಅದಿಲ್ಲದೆ 4ಕೆಯಲ್ಲಿ 120 ಬರುವುದು ಕಷ್ಟ. ಸಿನಿಮಾಕ್ಕೂ ಒಂದು ಸಣ್ಣ ಲಾಭ ಇದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. 120ನ್ನು 24ರಿಂದ ಭಾಗಿಸಿದರೆ ಸರಿಯಾಗಿ 5. ಅರವತ್ತಾದರೆ ಎರಡೂವರೆ, ಹಾಗಾಗಿ ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಚಿತ್ರ ಚೂರು ಕುಲುಕಿದಂತೆ ಕಾಣುತ್ತದೆ. ಕ್ರಿಕೆಟ್‌ಗಾಗಿ ಬೇಕು ಅನ್ನುವುದಾದರೆ ಬೇಡ. ನಮ್ಮಲ್ಲಿ ಟಿವಿ ಪ್ರಸಾರ ನಡೆಯುವುದು ಸೆಕೆಂಡಿಗೆ 50ರ ಲೆಕ್ಕದಲ್ಲಿ. ಮಿಕ್ಕ ಫ್ರೇಮುಗಳನ್ನು ಟಿವಿ ತಾನೇ ಊಹಿಸಿ ಸೇರಿಸುತ್ತದೆ. ವೇಗದ ಬೌಲರ್ ಬಿಟ್ಟ ಚೆಂಡು ನಡುದಾರಿಯಲ್ಲಿ ಒಮ್ಮೊಮ್ಮೆ ಮಾಯವಾಗುವುದು ಈ ಊಹೆಯ ಕೆಲಸ. ಸಿನಿಮಾಗಳು ಸೀರಿಯಲ್‌ನಂತೆ ನುಣ್ಣಗೆ ಕಾಣುವುದೂ ಇದರಿಂದಲೇ. 2018ರಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ವಿಡಿಯೊ ಮಾಡಿ ದಯವಿಟ್ಟು ಇದನ್ನು ಆಫ್ ಮಾಡಿ ಅಂತ ಕೇಳಿಕೊಂಡಿದ್ದರು. ಮರುವರ್ಷ ಫಿಲ್ಮ್‌ಮೇಕರ್ ಮೋಡ್ ಅನ್ನುವುದು ಬಂತು, ಅದನ್ನು ಒತ್ತಿದರೆ ಈ ಊಹೆಯಾಟ ನಿಲ್ಲುತ್ತದೆ. ಒಂದು ಬಟನ್‌ನಲ್ಲಿ ಆಫ್ ಮಾಡಬೇಕಾದ ಫೀಚರ್‌ಗೆ ದುಡ್ಡು ಕೊಡುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಸೌಂಡ್‌ಗೆ ಟಿವಿಯಲ್ಲಿ ದುಡ್ಡು ಹಾಕಬೇಡಿ. ಟಿವಿ ತೆಳ್ಳಗಾದಂತೆ ಸ್ಪೀಕರ್‌ಗೆ ಜಾಗ ಇಲ್ಲದಾಯಿತು. ಅದು ಕೆಳಗೆ ನೆಲದ ಕಡೆಗೋ ಹಿಂದೆ ಗೋಡೆಯ ಕಡೆಗೋ ಮಾತಾಡುತ್ತದೆ. ಸುತ್ತಲಿಂದ, ಮೇಲಿಂದ ಸದ್ದು ಕೇಳಿಸುವ ಡಾಲ್ಬಿ ಆಟ್ಮೊಸ್ ಅಂತ ಬರೆದಿದ್ದರೂ ಒಳಗಿರುವುದು ಹೆಚ್ಚಾಗಿ ಎರಡು ಪುಟ್ಟ ಸ್ಪೀಕರ್, ತಲೆಯ ಮೇಲಿಂದ ಮಳೆ ಸುರಿಸಲು ಅವುಗಳಿಂದ ಆಗುವುದಿಲ್ಲ. ಕಿವಿ ಸ್ವಲ್ಪ ಮಂದವಾದ ಹಿರಿಯರಿರುವ ಮನೆಯಲ್ಲಿ ಬೇಕಾಗಿರುವುದು ಮಾತು ಸ್ಪಷ್ಟವಾಗಿ ಕೇಳುವುದು. ನಡುವೆ ಮಾತಿಗೇ ಅಂತ ಒಂದು ಸ್ಪೀಕರ್ ಇರುವ ಸೌಂಡ್‌ಬಾರ್ ತಂದರೆ ಅಜ್ಜಿಯೂ ಖುಷಿ, ಪಕ್ಕದ ಮನೆಯವರೂ ಖುಷಿ. ಟಿವಿಯಲ್ಲಿ ಎಚ್‌ಡಿಎಂಐ ಆರ್ಕ್ ಅನ್ನುವ ಪೋರ್ಟ್ ಇದ್ದರೆ ಸಾಕು. ಅದರ ಮೂಲಕ ಜೋಡಿಸಿದರೆ ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಏರಿಸಬಹುದು, ಮನೆಯಲ್ಲಿ ಇನ್ನೊಂದು ರಿಮೋಟ್ ಹುಡುಕುವ ಕಷ್ಟ ಇಲ್ಲ. ಅದರ ಸುಧಾರಿತ ರೂಪ ಇಆರ್ಕ್‌ಗೆ ಜಾಸ್ತಿ ಕೊಡಬೇಕಾದ್ದು ಬ್ಲೂರೇ ಡಿಸ್ಕ್‌ಗಳ ಸಂಗ್ರಹ ಇಟ್ಟುಕೊಂಡವರು. ಓಟಿಟಿಯ ಆಟ್ಮೊಸ್‌ಗೆ ಹಳೇ ಆರ್ಕ್ ಸಾಕು.

ಸ್ಮಾರ್ಟ್ ಫೀಚರ್‌ಗಳದ್ದೂ ಹಾಗೇ. ಮೂರು-ನಾಲ್ಕು ವರ್ಷಕ್ಕೆ ಟಿವಿ ಒಳಗಿನ ಸಾಫ್ಟ್‌ವೇರ್ ತೆವಳತೊಡಗುತ್ತದೆ. ಒಂದು ಬಟನ್ ಒತ್ತಿ ಕಾಫಿ ಕುಡಿದು ಬರಬಹುದು. ಆಗ ಆ್ಯಪ್‌ಗಳನ್ನು ಓಡಿಸುವ ಒಂದು ಸ್ಟಿಕ್ ಚುಚ್ಚಿದರೆ ಮುಗಿಯಿತು, ಕೆಲವು ಸಾವಿರದ ಮಾತು. ಅದಕ್ಕೇ ಎಚ್‌ಡಿಎಂಐ ಪೋರ್ಟ್ ಮೂರಾದರೂ ಇರಲಿ. ಡಿಟಿಎಚ್ ಬಾಕ್ಸ್‌ಗೆ ಒಂದು, ಸೌಂಡ್‌ಬಾರ್‌ಗೆ ಒಂದು, ಸ್ಟಿಕ್‌ಗೆ ಒಂದು. ಎಐ ಅಂತ ಈಗ ಎಲ್ಲ ಡಬ್ಬಗಳ ಮೇಲೂ ಬರೆಯುತ್ತಿದ್ದಾರೆ. ಏನು ಮಾಡುತ್ತದೆ ಅಂತ ಕೇಳಿ, ಹೇಳಿದವರಿಗೆ ಬೇಕಾದರೆ ಕೊಡಿ.

ಅಳತೆಯ ವಿಚಾರದಲ್ಲಿ ನಾನು ಉದಾರಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಎಚ್‌ಡಿ ಚಾನೆಲ್, ಓಟಿಟಿ ಇರುವ ಮನೆಗೆ, ಹತ್ತು ಅಡಿ ದೂರ ಕೂರುವವರಿಗೆ 55 ದೊಡ್ಡದಾಗುವುದಿಲ್ಲ. ಆದರೆ ಶೋಕೇಸ್ ಅಳೆದುಕೊಂಡು ಹೋಗಿ. 55 ಇಂಚಿನ ಟಿವಿ ಹೆಚ್ಚು ಕಡಿಮೆ ನಾಲ್ಕು ಅಡಿ ಅಗಲ. ಈಗಿನ ಎಷ್ಟೋ ಟಿವಿಗಳಿಗೆ ಕಾಲು ನಡುವೆ ಇರುವುದಿಲ್ಲ, ಎರಡೂ ತುದಿಗೆ ಇರುತ್ತವೆ. ಹಳೇ ಟಿವಿಗೆ ಅಂತ ಮಾಡಿಸಿದ ಸಾಗುವಾನಿ ಶೋಕೇಸ್‌ನ ಒಳಗೆ ಅದು ಕೂರುವುದಿಲ್ಲ, ಚನ್ನಪಟ್ಟಣದ ಬೊಂಬೆಗಳನ್ನೆಲ್ಲ ತೆಗೆದರೂ.

ಕೊನೆಗೆ ಬಿಲ್ ಮಾಡುವಾಗ ಎಕ್ಸ್‌ಟೆಂಡೆಡ್ ವಾರಂಟಿ ಅಂತ ಇನ್ನೊಂದು ಸಾಲು ಸೇರಿಸುತ್ತಾರೆ. ಇದನ್ನು ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಪ್ಯಾನೆಲ್ ಹೋದರೆ ರಿಪೇರಿಗೆ ಹೊಸ ಟಿವಿಯ ಹತ್ತಿರದಷ್ಟೇ ಆಗುತ್ತದೆ. ಆದರೆ ಪ್ಯಾನೆಲ್ ಸೇರಿದೆಯಾ ಅಂತ ಕಾಗದದಲ್ಲಿ ತೋರಿಸಲು ಹೇಳಿ. ಒಡೆದರೆ ಕೊಡುತ್ತಾರಾ ಅಂತಲೂ ಕೇಳಿ, ಬಹಳ ಸಲ ಇಲ್ಲ. ಸಿಡಿಲಿನ ಮಾತಂತೂ ವಾರಂಟಿಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಮಲೆನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಟಿವಿ ಬೋರ್ಡ್‌ಗಳು ಹೋಗುವುದು ಹೊಸದಲ್ಲ. ಕರೆಂಟ್ ಲೈನಿನಿಂದಷ್ಟೇ ಅಲ್ಲ, ಚಾವಣಿಯ ಮೇಲಿನ ಡಿಶ್‌ನ ಕೇಬಲ್‌ನಿಂದಲೂ ಅದು ಒಳಗೆ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಬೇಕು, ಬಾಕ್ಸ್‌ನ ಹಿಂದಿನ ಡಿಶ್ ಕೇಬಲ್ ತಿರುಗಿಸಿ ಬಿಚ್ಚಬೇಕು. ಚಿಕ್ಕಮ್ಮನಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಎರಡು ಬಾಕ್ಸ್ ಸುಟ್ಟುಕೊಂಡವರು, ದೂರದಲ್ಲಿ ಗುಡುಗಿದ ಸದ್ದಾದರೆ ಅವರೆಕಾಯಿ ಅಲ್ಲೇ ಬಿಟ್ಟು ಏಳುತ್ತಾರೆ.